ಎಂಟನೆಯ ಕೂಗು

ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಹತ್ತಿಸುವುದರಲ್ಲಿ ಚನ್ನವೀರಪ್ಪನನ್ನು ಮೀರಿಸಿದವರಿಲ್ಲ. ಹಾಗೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ.

ಅವನ ತಂಡಕ್ಕೆ ಒಂದು ಪದ್ಧತಿ ಇತ್ತು. ಏಳುಸುತ್ತಿನ ಘಟ್ಟದಲ್ಲಿ ನಡುಹಗಲಲ್ಲೂ ಮಂಜು ಕವಿದು ಮುಂದಿನವನ ಬೆನ್ನೇ ಕಾಣುವುದಿಲ್ಲ. ದಾರಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳವಾದ ಕಣಿವೆ. ಆದ್ದರಿಂದ ಪ್ರತಿ ತಿರುವಿನಲ್ಲೂ ಸಾಲು ನಿಲ್ಲಬೇಕು. ಎಲ್ಲರಿಗಿಂತ ಮುಂದಿರುವ ಯಜಮಾನ 'ಒಂದು' ಎಂದು ಕೂಗಬೇಕು. ಅವನ ಹಿಂದಿನವನು 'ಎರಡು' ಎನ್ನಬೇಕು. ಹೀಗೆ ಕಡೆಯವನ ಕೂಗು ಕೇಳಿದ ಮೇಲೆಯೇ ಮುಂದಿನ ಹೆಜ್ಜೆ.

ಹಿಂದಿನ ವರ್ಷ ಅವರು ಎಂಟು ಜನ ಇದ್ದರು. ಘಟ್ಟದ ಬುಡದಲ್ಲಿರುವಾಗಲೇ ಮೋಡ ಕಟ್ಟಿತು. ಮಳೆ ಹಿಡಿದರೆ ಉಪ್ಪೆಲ್ಲ ಕರಗಿ ನೀರು. ಮೇಲಿನ ಹಳ್ಳಿಗಳು ಮಳೆಗಾಲ ಪೂರ್ತಿ ಸಪ್ಪೆ ಉಣ್ಣಬೇಕು. ಚನ್ನವೀರಪ್ಪ, "ಕೂಗಿದ್ದು ಸಾಕು, ಕಾಲು ಹಾಕ್ರಿ" ಎಂದು ಗದರಿದ. ಉಪ್ಪು ಒಂದು ಕಾಳೂ ನೆನೆಯದೆ ಮೇಲೆ ಬಂತು. ಆದರೆ ಕೆಂಪು ಅಂಚಿನ ಕಂಬಳಿ ಹೊದ್ದು ಸಾಲಿನ ಕಡೆಯಲ್ಲಿದ್ದ ಗುತ್ತೆಪ್ಪ ಬರಲಿಲ್ಲ. ಯಾವ ತಿರುವಿನಲ್ಲಿ ಬಿದ್ದನೋ ಯಾರಿಗೆ ಗೊತ್ತು? ಹುಡುಕಿದರೂ ಸಿಗಲಿಲ್ಲ. ಊರಿಗೆ ಬಂದು ಚನ್ನವೀರಪ್ಪ, "ಅವ ನೋಡಿ ನಡೀಲಿಲ್ಲ" ಎಂದುಬಿಟ್ಟ. ಉಳಿದ ಆರು ಮಂದಿ ತುಟಿ ಬಿಚ್ಚಲಿಲ್ಲ.

ಈ ವರ್ಷ ಅದೇ ಏಳು ಜನ, ಅದೇ ಘಟ್ಟ, ಅದೇ ಮೋಡ. ಮೊದಲ ತಿರುವಿನಲ್ಲಿ ಕೂಗು ಶುರುವಾಯಿತು. ಕಡೆಯಲ್ಲಿದ್ದ ಫಕೀರಪ್ಪ 'ಏಳು' ಅಂದ. ಚನ್ನವೀರಪ್ಪ ಹೆಜ್ಜೆ ಎತ್ತಿದ್ದನಷ್ಟೆ. ಮಂಜಿನೊಳಗೆ ಯಾರೋ ಸಣ್ಣಗೆ ಕೆಮ್ಮಿ, "ಎಂಟು" ಎಂದರು.

ಎಲ್ಲರ ಮೈಯೂ ಜುಮ್ಮೆಂದಿತು. ಕೂಗುವ ಮುಂಚೆ ಕೆಮ್ಮುವ ಅಭ್ಯಾಸ ಇದ್ದದ್ದು ಗುತ್ತೆಪ್ಪನಿಗೆ ಒಬ್ಬನಿಗೇ.

"ಬಂಡೆಗೆ ಬಡಿದು ದನಿ ತಿರುಗಿ ಬಂದೈತಿ" ಎಂದ ಚನ್ನವೀರಪ್ಪ. ಅವನ ಮಾತನ್ನು ಅವನೇ ನಂಬಲಿಲ್ಲ. ಎರಡನೆಯ ತಿರುವಿನಲ್ಲಿ ಮತ್ತೆ ಕೆಮ್ಮು, ಮತ್ತೆ 'ಎಂಟು'. ಈ ಸಲ ಇನ್ನೂ ಹತ್ತಿರದಿಂದ. ಎತ್ತುಗಳು ಕಿವಿ ನಿಮಿರಿಸಿ ನಿಂತವು.

"ಇನ್ನ ಕೂಗು ಬ್ಯಾಡ. ಬಾಯಿ ಮುಚ್ಚಿಕೊಂಡು ನಡೀರಿ" ಎಂದ ಯಜಮಾನ.

ಕೂಗು ನಿಂತಿತು, ಭಯ ನಿಲ್ಲಲಿಲ್ಲ. ಪ್ರತಿಯೊಬ್ಬನಿಗೂ ತನ್ನ ಬೆನ್ನ ಹಿಂದಿರುವುದು ಯಾರೋ ಏನೋ ಎಂಬ ಅನುಮಾನ. ತಿರುಗಿ ನೋಡುವ ಧೈರ್ಯ ಯಾರಿಗೂ ಇಲ್ಲ. ನಡಿಗೆ ಓಟವಾಯಿತು. ಎತ್ತಿಗೆ ಎತ್ತು ತಾಗಿ ಹೇರುಗಳು ಉಜ್ಜಾಡಿದವು. ಹೀಗೆಯೇ ಮೂರನೆಯ ತಿರುವು ದಾಟಿತು.

ಎರಡನೆಯವನಾಗಿ ಬರುತ್ತಿದ್ದ ಹಿರಿಯ ಕೊಟ್ರಯ್ಯ ಗಕ್ಕನೆ ನಿಂತ. "ಯಜಮಾನ್ರ, ನಿಮಗ ಅಂಜಿಕಿ ಆಗೈತಿ. ನಮಗೂ ಆಗೈತಿ. ಆದ್ರ ಎಲ್ಲಾರ ಬಾಯಿ ಮುಚ್ಚಿಸಿದ್ರ, ನನ್ನ ಹಿಂದ ನಮ್ಮವ್ರು ಅದಾರೋ ಇಲ್ಲೋ ನನಗ ಹೆಂಗ ತಿಳೀಬೇಕು?"

ಚನ್ನವೀರಪ್ಪನ ಕೈಮೇಲೆ ಮಳೆಯ ಮೊದಲ ಹನಿ ಬಿತ್ತು. ಓಡಿದರೆ ಉಪ್ಪು ಉಳಿಯುತ್ತಿತ್ತು. ಅವನು ನಿಂತ. ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಹೋದ ವರ್ಷ ಕೂಗು ನಿಲ್ಲಿಸಿದವ ನಾನು. ಗುತ್ತೆಪ್ಪ ಸರಿಯಾಗೇ ನಡದಿದ್ದ. ಊರಾಗ ನಾ ಸುಳ್ಳು ಹೇಳಿದೆ. ಇವತ್ತ ಮತ್ತ ಅದ ತಪ್ಪು ಮಾಡೇನಿ. ಕೂಗ್ರಿ, ಎಷ್ಟು ಹೊತ್ತಾದ್ರೂ ಆಗಲಿ." ಮತ್ತೆ ತಾನೇ ಶುರುಮಾಡಿದ. "ಒಂದು."

ಎರಡು, ಮೂರು, ನಾಲ್ಕು, ಐದು. ಅಷ್ಟೇ. ಆರನೆಯವನು ಮಲಕಪ್ಪ. ಅವನ ದನಿ ಇಲ್ಲ.

"ಮುಂದ ಎತ್ತಿನ ಗಂಟಿ ಕೇಳತಿತ್ರೀ. ಮಲಕಪ್ಪ ಅದಾನ ಅಂದ್ಕೊಂಡೆ" ಎಂದು ಹಿಂದಿನಿಂದ ಫಕೀರಪ್ಪ ಅಳುದನಿಯಲ್ಲಿ ಹೇಳಿದ.

ಆಗ ದಾಟಿ ಬಂದ ತಿರುವಿನ ಕೆಳಗಿನಿಂದ, ಕಣಿವೆಯೊಳಗಿಂದ, ಸಣ್ಣ ಕೆಮ್ಮು ಕೇಳಿಸಿತು. "ಆರು" ಎಂದಿತು ದನಿ. ಅದು ಮಲಕಪ್ಪನ ದನಿಯಲ್ಲ. ಸ್ವಲ್ಪ ತಡೆದು ಮತ್ತೆ, "ಆರು."

ಚನ್ನವೀರಪ್ಪ ಹೇರು ಕಟ್ಟುವ ಹಗ್ಗವನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡ. "ಕೊಟ್ರಯ್ಯಾ, ಹಗ್ಗ ನಿನ್ನ ಕೈಯಾಗ. ನೀ ಹೇಳಿದಂಗ ನಾ ಇಳೀತೇನಿ" ಎಂದು ದನಿ ಬಂದತ್ತ ಇಳಿದ. ಮಳೆ ಜೋರಾಯಿತು. ಹೇರುಗಳಿಂದ ಬೆಳ್ಳಗೆ ನೀರು ಸೋರಿತು. ಯಾರೂ ಅತ್ತ ನೋಡಲಿಲ್ಲ, ಎಲ್ಲರ ಕೈಯೂ ಹಗ್ಗದ ಮೇಲಿತ್ತು.

ಮೂರಾಳು ಆಳದಲ್ಲಿ, ಕಲ್ಲಿನ ಅಂಚೊಂದರ ಮೇಲೆ ಮಲಕಪ್ಪ ಕುಳಿತಿದ್ದ. ನೂಕಾಟದಲ್ಲಿ ಎತ್ತು ತಾಗಿ ಬಿದ್ದವನು ಕೂಗಲು ದನಿಯಿಲ್ಲದೆ ನಡುಗುತ್ತಿದ್ದ. ಅವನ ಹೆಗಲ ಮೇಲೆ ಯಾರೋ ಹಳೆಯ ಕಂಬಳಿ ಹೊದಿಸಿದ್ದರು. ಅದರ ಕೆಂಪು ಅಂಚನ್ನು ಚನ್ನವೀರಪ್ಪ ಗುರುತು ಹಿಡಿದ.

ಮೇಲೆ ಬಂದ ಎಷ್ಟೋ ಹೊತ್ತಿಗೆ ಮಲಕಪ್ಪನಿಗೆ ಮಾತು ಬಂತು. "ಯಾರೋ ನನ್ನ ತೋಳು ಹಿಡ್ಕೊಂಡು ಕುಂತಿದ್ರು ಯಜಮಾನ್ರ. ಅಲುಗಾಡಬ್ಯಾಡ ಅಂದ್ರು. 'ನಾ ಕಾದಾಗ ಯಾರೂ ಕೂಗಲಿಲ್ಲ. ಈ ಸಲ ಕೂಗತಾರ' ಅಂದ್ರು."

ಉಳಿದ ತಿರುವುಗಳಲ್ಲಿ ಏಳರ ತನಕ ಕೂಗಿ ಅವರು ಕಿವಿಗೊಟ್ಟು ನಿಂತರು. ಎಂಟು ಕೇಳಿಸಲಿಲ್ಲ. ಉಪ್ಪಿನಲ್ಲಿ ಅರ್ಧ ಹೋಗಿತ್ತು. ಊರಿಗೆ ಮರಳಿದ ಚನ್ನವೀರಪ್ಪ ಮನೆಗೆ ಹೋಗಲಿಲ್ಲ. ಕಂಬಳಿ ಹಿಡಿದು ನೇರ ಗುತ್ತೆಪ್ಪನ ಹೆಂಡತಿಯ ಬಾಗಿಲಿಗೆ ಹೋಗಿ, "ತಂಗಿ, ತಪ್ಪು ನಿನ್ನ ಗಂಡಂದಲ್ಲ, ನಂದು" ಎಂದ. ಅವಳು ಕಂಬಳಿ ತೆಗೆದುಕೊಂಡಳು.

ಅವನ ತಂಡ ಆಮೇಲೆ ಎಷ್ಟೇ ಅವಸರವಿದ್ದರೂ ಕೂಗು ಬಿಡಲಿಲ್ಲ. ಕಡೆಯವನು ಕೂಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಕಾಯುತ್ತಿದ್ದರು.

ನೀತಿ: ಅವಸರವೂ ಅಂಜಿಕೆಯೂ ಹೆಚ್ಚಿದಾಗಲೇ ಮುಂದಾಳು ನಿಂತು ಕಡೆಯವನ ದನಿ ಕೇಳಿಸಿಕೊಳ್ಳಬೇಕು. ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ ಮುಂದಾಳಿನ ಹಗ್ಗವನ್ನು ತಂಡ ಎಂಥ ಮಳೆಯಲ್ಲೂ ಬಿಡುವುದಿಲ್ಲ.