ಶನಿಯನ್ನು ನೋಡಲು ನಿಂತ ಸಾಲು

“ಗುರುಗಳೇ, ಮೂರು ವರ್ಷ ಧ್ಯಾನಕ್ಕೆ ಕೂತರೂ ಮನಸ್ಸು ಒಂದು ಗಳಿಗೆಯೂ ನಿಲ್ಲದವನು ಇಲ್ಲಿ ಇರಬಹುದೆ?” ಎಂದು ಶಿಷ್ಯ ಕೇಳಿದ.

ಅವನು ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದ. ಆ ಆಶ್ರಮದಲ್ಲಿ ಹನ್ನೆರಡು ಮಂದಿ ಶಿಷ್ಯರು. ದಿನಾ ಬೆಳಿಗ್ಗೆ ಧ್ಯಾನ ಮುಗಿದ ಮೇಲೆ ಗುರುಗಳು ಒಬ್ಬೊಬ್ಬರನ್ನೂ “ಮನಸ್ಸು ನಿಂತಿತೆ?” ಎಂದು ಕೇಳುವರು. ಒಬ್ಬೊಬ್ಬರೂ “ನಿಂತಿತು” ಎನ್ನುವರು. ಇವನೂ ಮೂರು ವರ್ಷದಿಂದ “ನಿಂತಿತು” ಎನ್ನುತ್ತಲೇ ಬಂದಿದ್ದ.

“ಅದು ಸುಳ್ಳು. ಉಳಿದವರಿಗೆಲ್ಲ ಆಗುತ್ತದೆ, ನನಗೆ ಮಾತ್ರ ಆಗುವುದಿಲ್ಲ. ನನ್ನಲ್ಲೇ ಏನೋ ಊನವಿದೆ” ಎಂದ.

“ಕೂತುಕೋ. ಹೊರಟವನು ಒಂದು ಕತೆ ಕೇಳಿ ಹೋದರೆ ದಾರಿಯೇನೂ ಉದ್ದವಾಗುವುದಿಲ್ಲ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನ ಗುಡ್ಡದ ಮೇಲೆ ಆಕಾಶ ನೋಡುವ ವೀಕ್ಷಣಾಲಯವಿತ್ತು. ಅಲ್ಲಿ ಒಬ್ಬ ಖಗೋಳದ ಪಂಡಿತ ವರ್ಷವೆಲ್ಲ ತನ್ನ ಪಾಡಿಗೆ ತಾನು ಇರುತ್ತಿದ್ದ. ಬೇಸಿಗೆಯಲ್ಲಿ, ಮೋಡ ಏರುವ ಮೊದಲು, ಒಂದು ಸಂಜೆ ಮಾತ್ರ ಊರಿನವರಿಗೆಲ್ಲ ಬಾಗಿಲು ತೆರೆಯುತ್ತಿದ್ದ. ಆ ವರ್ಷ ಶನಿಗ್ರಹವನ್ನು ಅದರ ಬಳೆಯ ಸಮೇತ ತೋರಿಸುತ್ತೇನೆ ಎಂದು ಹೇಳಿಕಳಿಸಿದ. ಶನಿಯ ಕಣ್ಣು ತಮ್ಮ ಮೇಲೆ ಬೀಳದಿರಲಿ ಎಂದು ವಾರವಾರ ಎಳ್ಳೆಣ್ಣೆ ದೀಪ ಹಚ್ಚುವ ಜನ, ತಾವೇ ಹೋಗಿ ಶನಿಯ ಮೇಲೆ ಕಣ್ಣು ಹಾಕಲು ಸಾಲು ನಿಂತರು. ನಮ್ಮ ಜನ ಹಾಗೆಯೇ. ನನಗೆ ಅವರ ಮೇಲೆ ಪ್ರೀತಿ.

ಸಾಲಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಇದ್ದಳು. ಅವಳ ಮುಂದೆ ಅವಳ ತಂಗಿ. ತಂಗಿಗೆ ಹುಟ್ಟಿನಿಂದ ಒಂದು ಕಾಲು ಸ್ವಾಧೀನವಿಲ್ಲ. ಅಕ್ಕನ ತೋಳು ಹಿಡಿದೇ ಗುಡ್ಡ ಹತ್ತಿದ್ದಳು. ಇಬ್ಬರ ಊಟವೂ ಅಕ್ಕನ ಹೊಲಿಗೆಯಿಂದಲೇ ನಡೆಯಬೇಕು. ಕೆಲವು ತಿಂಗಳಿಂದ ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿತ್ತು. ಕಣ್ಣು ಹೋಗುತ್ತಿದೆಯೇನೋ ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ತಂಗಿಗಂತೂ ಸುಳಿವೇ ಕೊಟ್ಟಿರಲಿಲ್ಲ. ಅಷ್ಟು ದೂರದ ಶನಿ ಕಂಡರೆ ಕಣ್ಣು ಚೆನ್ನಾಗಿಯೇ ಇದೆ ಎಂದು ಧೈರ್ಯ ತಂದುಕೊಳ್ಳಬಹುದು. ಅದಕ್ಕೇ ಬಂದಿದ್ದಳು.

ಪಂಡಿತ ಮೊದಮೊದಲು ಇಬ್ಬರಿಗೊಮ್ಮೆ ತಾನೇ ಕಣ್ಣಿಟ್ಟು, ದೂರದರ್ಶಕದ ಕೊಳವೆಯನ್ನು ಸರಿಪಡಿಸಿ ತೋರಿಸುತ್ತಿದ್ದ. ಆಮೇಲೆ ಯಾರೋ, ಸಾಡೇಸಾತಿ ಎಂಬುದು ನಿಜವೆ ಎಂದು ಕೇಳಿದರು. ತಿಳಿದವರನ್ನು ಪ್ರಶ್ನೆ ಕೇಳಿದರೆ ಮುಗಿಯಿತು. ಅವನು ಪಕ್ಕದಲ್ಲಿ ನಿಂತು ವಿವರಿಸುವುದರಲ್ಲಿ ಮುಳುಗಿದ. ಮಾತಿನ ನಡುವೆ, ಇಣುಕಿದವರನ್ನು “ಕಂಡಿತೆ?” ಎನ್ನುವನು. ಅವರು “ಕಂಡಿತು” ಎನ್ನುವರು. ಅವನು ಬಿಟ್ಟಲ್ಲಿಂದ ಮಾತು ಮುಂದುವರಿಸುವನು.

ತಂಗಿಯ ಸರದಿ ಬಂತು. ಅವಳು ಕೊಳವೆಗೆ ಕಣ್ಣಿಟ್ಟಳು.

“ಕಾಣ್ತಕ್ಕ, ಎಷ್ಟು ಚೆಂದ ಇದೆ, ಬಳೆ ತೊಟ್ಕೊಂಡ ಹಾಗೇ ಇದೆ” ಎಂದಳು.

ಅಕ್ಕ ಕಣ್ಣಿಟ್ಟಳು. ಬರೀ ಕತ್ತಲೆ. ಕಣ್ಣುಜ್ಜಿಕೊಂಡು ಮತ್ತೆ ಇಟ್ಟಳು. ಕತ್ತಲೆಯೇ. ಹಿಂದೆ ನಿಂತವರು ಕೆಮ್ಮಿದರು. ಪಂಡಿತ “ಕಂಡಿತೆ?” ಎಂದ. “ಕಂಡಿತು” ಎಂದು ಹೇಳಿ ಈಚೆಗೆ ಬಂದುಬಿಟ್ಟಳು.

ತಂಗಿಯನ್ನು ಸಾಲಿನ ಪಕ್ಕದಲ್ಲೇ ನಿಲ್ಲಿಸಿ, ಸ್ವಲ್ಪ ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತಳು. ಬೇರೆ ಯಾರೇ ಆಗಿದ್ದರೂ ಸುಳ್ಳು ಹೇಳಿರಬಹುದು ಎಂದುಕೊಳ್ಳುತ್ತಿದ್ದಳು. ತಂಗಿ ತನ್ನ ಹತ್ತಿರ ಸುಳ್ಳು ಹೇಳುವವಳಲ್ಲ. ಹಾಗಾದರೆ ತನ್ನ ಕಣ್ಣು ಹೋಯಿತು. ಮನೆಯಲ್ಲಿ ಒಬ್ಬ ಮದುಮಗಳ ರವಿಕೆಯ ಬಟ್ಟೆ ಕತ್ತರಿಸಿ ಇಟ್ಟು ಬಂದಿದ್ದಳು. ಕಾಣದ ಕಣ್ಣಿನಿಂದ ಅದನ್ನು ಹೊಲಿದು ಕೆಡಿಸುವುದೆ? ಕಾಣುತ್ತದೆ ಎಂದು ಎಷ್ಟು ದಿನ ನಟಿಸುವುದು? ಅವಳಿಗೆ ಅಳು ಬಂತು. ಅತ್ತು ಮುಗಿಸಿ ಎದ್ದು ಬಂದಳು. ಸಾಲಿನಲ್ಲಿದ್ದ ಎಲ್ಲರ ಎದುರಿಗೆ, ತಂಗಿಗೂ ಕೇಳಿಸುವ ಹಾಗೆ ಹೇಳಿದಳು.

“ಸ್ವಾಮಿ, ನಾನು ಸುಳ್ಳು ಹೇಳ್ಬಿಟ್ಟೆ. ನಂಗೇನೂ ಕಾಣ್ಲಿಲ್ಲ. ನನ್ನ ಕಣ್ಣು ಹೋಗ್ಬಿಟ್ಟಿದೆ.”

ಪಂಡಿತನ ಮಾತು ಅರ್ಧಕ್ಕೇ ನಿಂತಿತು. ಅವನು ಬಂದು ಕೊಳವೆಗೆ ಕಣ್ಣಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ತೆಗೆದಾಗ ಅವನ ಮುಖ ಸಣ್ಣದಾಗಿತ್ತು.

“ನಿಮ್ಮ ಕಣ್ಣು ಹೋಗಿಲ್ಲಮ್ಮ, ಇದರೊಳಗೆ ಶನಿಯೇ ಇಲ್ಲ. ಭೂಮಿ ತಿರುಗ್ತಾ ಇರತ್ತೆ. ಎರಡೆರಡು ನಿಮಿಷಕ್ಕೆ ನೋಡಿ ಸರಿಸದಿದ್ರೆ ಅದು ಆಚೆ ಜಾರಿಹೋಗತ್ತೆ. ನಾನು ಅರ್ಧ ಗಂಟೆಯಿಂದ ನೋಡೇ ಇಲ್ಲ” ಎಂದ.

ಅರ್ಧ ಗಂಟೆಯಲ್ಲಿ ಮೂವತ್ತು ಮಂದಿ ಬರೀ ಕತ್ತಲೆಯನ್ನು ನೋಡಿ, ಬಳೆಯನ್ನು ಹೊಗಳಿ ಹೋಗಿದ್ದರು.

ಅವನು ಕೊಳವೆಯನ್ನು ಸರಿಸಿ ಅವಳನ್ನು ಕರೆದ. ಅವಳು ಹೆದರುತ್ತಲೇ ಕಣ್ಣಿಟ್ಟಳು. ಕರಿಯ ಬಟ್ಟೆಯ ಮೇಲೆ ಇಟ್ಟ ಸಣ್ಣ ಗುಂಡಿಯ ಹಾಗೆ ಶನಿ ಕಂಡಿತು. ಸುತ್ತಲೂ ಬಳೆ. ಅವಳು ನೋಡುತ್ತಲೇ ನಿಂತಳು. ಈ ಸಲ ಹಿಂದಿನವರು ಯಾರೂ ಕೆಮ್ಮಲಿಲ್ಲ. ಆಮೇಲೆ ಅವಳು ಸೂಜಿ ದಾರದ ಸಂಗತಿ ಹೇಳಿದಳು. ಪಂಡಿತ ಜೇಬಿನಿಂದ ತನ್ನ ಕನ್ನಡಕ ತೆಗೆದು ತೋರಿಸಿದ. “ಅದು ಚಾಳೀಸಮ್ಮ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರತ್ತೆ. ಇಂಥದ್ದೊಂದು ಹಾಕ್ಕೊಳ್ಳಿ, ಇನ್ನೂ ಎಷ್ಟೋ ವರ್ಷ ಹೊಲೀಬಹುದು” ಎಂದ.

ತಂಗಿ ಅಕ್ಕನ ಸೆರಗು ಹಿಡಿದುಕೊಂಡಳು. “ನಂಗೂ ಕಂಡಿರ್ಲಿಲ್ಲಕ್ಕ. ಎಲ್ಲರಿಗೂ ಕಂಡಿದ್ದು ನಂಗೊಬ್ಬಳಿಗೆ ಕಾಣಲ್ಲ ಅನ್ನೋಕೆ ನಾಚಿಕೆ ಆಯ್ತು” ಎಂದಳು. ಆ ಸಣ್ಣ ಸುಳ್ಳು ಅಕ್ಕನನ್ನು ಕಲ್ಲಿನ ಮೇಲೆ ಕೂರಿಸಿ ಅಳಿಸಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಅದನ್ನು ಹೇಳಲೂ ಇಲ್ಲ. “ಈಗ ನೋಡು ಬಾ” ಎಂದು ಅವಳ ತೋಳು ಹಿಡಿದು ಕೊಳವೆಯ ಹತ್ತಿರ ನಿಲ್ಲಿಸಿದಳು.

ನೋಡಿ ಮುಗಿಸಿ ಗುಡ್ಡದ ಮೇಲೆ ಅಲ್ಲಲ್ಲಿ ಹರಟುತ್ತಾ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದು ಮತ್ತೆ ಸಾಲಿನ ಕೊನೆಯಲ್ಲಿ ನಿಂತರು. ಯಾಕೆ ಬಂದಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಪಂಡಿತ ಅಂದು ಮತ್ತೆ ಸಾಡೇಸಾತಿಯ ಮಾತೆತ್ತಲಿಲ್ಲ. ಪ್ರತಿಯೊಬ್ಬರಿಗೂ ಮೊದಲು ತಾನು ನೋಡಿ, ಆಮೇಲೆ ಅವರನ್ನು ಕರೆದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸ್ವಲ್ಪ ಹಗುರವಾಗಿತ್ತು.

“ಹಾಗಾದರೆ ಊನ ನನ್ನಲ್ಲಿ ಇಲ್ಲವೆ, ಗುರುಗಳೇ?” ಎಂದು ಕೇಳಿದ.

“ಗೊತ್ತಿಲ್ಲ ಮಗು; ನಾನೂ ಪಕ್ಕದಲ್ಲಿ ನಿಂತು ಬರೀ ಕೇಳುತ್ತಾ ಬಂದವನು, ಕಣ್ಣಿಟ್ಟು ನೋಡಿ ಬಹಳ ವರ್ಷಗಳಾದವು.”