ಸ್ಕೂಟರಿನ ಚಪ್ಪಲಿ

ತದಡಿಯ ಭುಜಂಗರಾಯರ ಹಾಯಿದೋಣಿಗೆ ಚಪ್ಪಲಿ ಮೆಟ್ಟಿ ಯಾರೂ ಹತ್ತುವಂತಿರಲಿಲ್ಲ. ರಾಯರೂ ಸೇರಿ ಎಲ್ಲರೂ ದಡದಲ್ಲೇ ಬಿಟ್ಟು ಬರಬೇಕು. ಒಮ್ಮೆ ಮರೆತು ಹತ್ತಿದ್ದಕ್ಕೆ ಮುದುಕ ಈರನ ಕೆಲಸವೇ ಹೋಯಿತು.

ಚುಕ್ಕಾಣಿ ಹಿಡಿಯುವ ದತ್ತು ಅವನ ಪರವಾಗಿ ಬೇಡಿಕೊಂಡ.

"ನನ್ನ ದೋಣಿ ಹತ್ತೋ ಎಲ್ಲದಕ್ಕೂ ಒಂದೇ ನಿಯಮ," ಎಂದರು ರಾಯರು. "ನಾಳೆ ಆಚೆ ದಡದಲ್ಲಿ ಬರಿಗಾಲಲ್ಲಿ ನಡೆಯೋಕಾಗೋದಿಲ್ಲ. ನನ್ನ ಕರೆಂಟ್ ಸ್ಕೂಟರ್ ಎರಡನ್ನೂ ಹೇರಿಸಿಡು. ಒಂದು ಕೈಕೊಟ್ಟರೆ ಇನ್ನೊಂದಿರಲಿ."

"ಆಯ್ತು ಒಡ್ಯಾ," ಎಂದ ದತ್ತು.

ಮರುದಿನ ಮಧ್ಯಾಹ್ನ ಆಚೆ ದಡ ಸೇರಿದರು. ಗುಡ್ಡದ ಮೇಲಿನ ಮನೆಯಲ್ಲಿ ಹೊಸ ಬೀಗರು ಎಲೆ ಹಾಕಿ ಕಾಯುತ್ತಿದ್ದರು. ದತ್ತು ಸ್ಕೂಟರುಗಳಿಗೆ ಹೊದಿಸಿದ್ದ ತಾಡಪಾಲು ಸರಿಸಿದ. ಎರಡೂ ಹೊಟ್ಟೆ ನೆಲಕ್ಕೂರಿ ಕೂತಿದ್ದವು. ಒಂದಕ್ಕೂ ಗಾಲಿಯಿಲ್ಲ.

ರಾಯರ ಮುಖ ಕಪ್ಪಿಟ್ಟಿತು. "ಗಾಲಿ ಎಲ್ಲೋ?"

"ಮೀನುಪೇಟೆಯೆಲ್ಲ ತುಳಿದು ಬಂದ ಗಾಲಿ ಒಡ್ಯಾ. ಸ್ಕೂಟರಿಗೆ ಅದೇ ಅಲ್ವಾ ಚಪ್ಪಲಿ? ಮೆಕ್ಯಾನಿಕ್ ಹತ್ರ ಬಿಚ್ಚಿಸಿ, ಗೋಣಿಯಲ್ಲಿ ಸುತ್ತಿ, ತದಡಿ ದಡದಲ್ಲಿ ನಿಮ್ಮ ಬೂಟಿನ ಪಕ್ಕದಲ್ಲೇ ಇಟ್ಟಿದ್ದೇನೆ."

ರಾಯರು ತಮ್ಮ ಬರಿಗಾಲು ನೋಡಿಕೊಂಡರು. ಕಾದ ಮರಳು ನೋಡಿದರು. ಕುಂಟುತ್ತ ಗುಡ್ಡ ಹತ್ತಿದರು.

ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಈರ ಹಾಯಿ ಬಿಚ್ಚುತ್ತಿದ್ದ. ಅವನ ಹರಕು ಚಪ್ಪಲಿ ಅವನ ಕಾಲಲ್ಲೇ ಇತ್ತು.