ತಾನೂ ತಾವರೆಯೆಂದ ಕೊಕ್ಕರೆ

ಕೆರೆಯ ದಡದಲ್ಲಿ ಕೂತಿದ್ದ ಕಪ್ಪೆಗೆ ಬಿಸಿಲಿನಿಂದ ಬೆನ್ನು ಒಣಗತೊಡಗಿತು. ತಾವರೆ ಎಲೆಯ ತಂಪಿಗೆ ಹೋಗೋಣವೆಂದರೆ ಎಲೆಯ ಪಕ್ಕದಲ್ಲೇ ಕೊಕ್ಕರೆ ನಿಂತಿತ್ತು.

“ಬನ್ನಿ ಕಪ್ಪಕ್ಕ, ಹೆದರಬೇಡಿ,” ಎಂದಿತು ಕೊಕ್ಕರೆ. “ಈ ತಾವರೆ ಬೇರೆಯಲ್ಲ, ನಾನು ಬೇರೆಯಲ್ಲ. ಅದು ಬಿಳಿ, ನಾನೂ ಬಿಳಿ. ಅದಕ್ಕೆ ಉದ್ದನೆಯ ದಂಟು, ನನಗೆ ಉದ್ದನೆಯ ಕಾಲು. ಇಬ್ಬರೂ ನೀರಿನಲ್ಲಿ ಸುಮ್ಮನೆ ನಿಂತಿರುವವರು. ತಾವರೆ ಎಂದಾದರೂ ಕಪ್ಪೆಯನ್ನು ತಿಂದದ್ದುಂಟೆ?”

ಕಪ್ಪೆ ಹೂವನ್ನು ನೋಡಿತು, ಹಕ್ಕಿಯನ್ನು ನೋಡಿತು. ಹೇಳಿದ ಹೋಲಿಕೆಗಳೆಲ್ಲ ನಿಜವೇ ಆಗಿದ್ದವು. ಬೆನ್ನು ಬೇರೆ ಉರಿಯುತ್ತಿತ್ತು. ಎರಡು ಸಲ ಕುಪ್ಪಳಿಸಿ ಮುಂದೆ ಬಂದದ್ದೇ ತಡ, ಅದಕ್ಕೆ ಯಾಕೋ ನೀರುಹಾವಿನ ನೆನಪಾಯಿತು. ಹಾವಿಗೆ ಕಾಲಿಲ್ಲ, ರೆಕ್ಕೆಯಿಲ್ಲ, ನೋಡಲು ಕೊಕ್ಕರೆಯ ಹಾಗೆ ಒಂದಿಷ್ಟೂ ಇಲ್ಲ. ಆದರೂ ಹಾವನ್ನು ಕಂಡಾಗ ಹೊಡೆದುಕೊಳ್ಳುವ ಹಾಗೆಯೇ ಈಗಲೂ ಎದೆ ಹೊಡೆದುಕೊಳ್ಳುತ್ತಿತ್ತು.

ಕಪ್ಪೆ ಅಲ್ಲೇ ನಿಂತಿತು. “ಒಪ್ಪಿದೆ ಸ್ವಾಮಿ. ಹಾಗೆ ನೋಡಿದರೆ ನಾನೂ ಒಂದು ಕಲ್ಲೇ. ಕಲ್ಲು ಗುಂಡಗಿದೆ, ನಾನೂ ಗುಂಡಗಿದ್ದೇನೆ. ಅದಕ್ಕೂ ಪಾಚಿಯ ಬಣ್ಣ, ನನಗೂ ಪಾಚಿಯ ಬಣ್ಣ. ನನ್ನ ಬದಲು ಪಕ್ಕದ ಈ ಕಲ್ಲನ್ನೇ ಕರೆಯಬಹುದಲ್ಲ?”

“ಛೆ, ಆ ಕಲ್ಲೆಲ್ಲಿ, ನೀವೆಲ್ಲಿ!” ಕೊಕ್ಕರೆಗೆ ತಡೆಯಲಾಗಲಿಲ್ಲ. “ನೀವು ಎಷ್ಟು ಮೆತ್ತಗಿದ್ದೀರಿ!”

“ನಾನು ಮೆತ್ತಗಿದ್ದೇನೋ ಗಟ್ಟಿಯಿದ್ದೇನೋ, ತಾವರೆ ಇದುವರೆಗೆ ವಿಚಾರಿಸಿಯೇ ಇಲ್ಲ,” ಎಂದು ಕಪ್ಪೆ ಬುಳುಕ್ಕನೆ ಕೆಸರಿನೊಳಗೆ ಮುಳುಗಿತು.